ಡ್ರಮ್ಸ್ ಬಿಟ್ಟು ಹುಲ್ಲು ಬೆಳೆದ ಬಿಲ್ ಬೆರ್ರಿ

ಅಮೆರಿಕದ ಆರ್.ಇ.ಎಂ. ಅನ್ನೋ ರಾಕ್ ಬ್ಯಾಂಡಿನ ಡ್ರಮ್ಮರ್ ಬಿಲ್ ಬೆರ್ರಿ ಹೆಸರು ಎತ್ತಿ ನೋಡಿ, ಗೊತ್ತಿರೋರು ಎಲ್ರೂ ಹೇಳೋದು ಒಂದೇ ಮಾತು, "ಓ, ಅಷ್ಟು ದೊಡ್ಡ ಬ್ಯಾಂಡ್ ಬಿಟ್ಟು ಹುಲ್ಲು ಬೆಳೆಯೋಕೆ ಹೋದನಲ್ಲ, ಅವನಾ". ಅಲ್ಲಿಂದ ಎರಡು ಪಾರ್ಟಿ ಆಗುತ್ತೆ. ಒಬ್ರು ತಲೆ ಕೆಟ್ಟಿತ್ತು ಅಂತಾರೆ, ಇನ್ನೊಬ್ರು ಕೋಟಿ ಕೋಟಿ ದುಡ್ಡು ಒದ್ದು ಹೋದ ಸಂತ ಅಂತಾರೆ. ನನಗೆ ಎರಡೂ ಒಪ್ಪೋಕಾಗಲ್ಲ. 17 ವರ್ಷ ಆ ಮನುಷ್ಯ ಡ್ರಮ್ಸ್ ಹಿಂದೆ ಕೂತು ಏನು ಮಾಡಿದ ಅಂತ ನೋಡದೆ, ಎದ್ದು ಹೋದ ಒಂದು ದಿನವನ್ನ ಮಾತ್ರ ನೋಡಿದ್ರೆ ಹಿಂಗೇ ಆಗೋದು. ಅವನು ಬಾರಿಸಿದ ರೀತಿ, ಬಿಟ್ಟು ಹೋದ ರೀತಿ, ಎರಡರಲ್ಲೂ ಒಂದೇ ಮನಸ್ಸು ಕಾಣುತ್ತೆ ನನಗೆ, ಅದನ್ನ ಹೇಳೋಕೇ ಇಷ್ಟುದ್ದ ಬರೀತಿರೋದು.

ನಾನು ಬಂಗಾರಪೇಟೆ ತಾಲ್ಲೂಕಿನವನು. ರಸಮಂಜರಿ ತಂಡದಲ್ಲಿ ಡ್ರಮ್ಸ್ ಬಾರಿಸ್ತೀನಿ, ಈಗೀಗ ಜಾಸ್ತಿ ರಿದಂ ಪ್ಯಾಡೇ (ಕರೆಂಟಲ್ಲಿ ನಡೆಯೋ ಸಣ್ಣ ಡ್ರಮ್ ಹಲಗೆ), ಯಾಕಂದ್ರೆ ಫುಲ್ ಸೆಟ್ ತಗೊಂಡು ಹೋಗೋಕೆ ಟೆಂಪೋದಲ್ಲಿ ಜಾಗ ಇರಲ್ಲ, ಕಾರ್ಯಕ್ರಮ ಇಡಿಸೋರೂ ಕೇಳಲ್ಲ. ಗಣೇಶನ ಹಬ್ಬ, ರಾಜ್ಯೋತ್ಸವ, ಊರ ಜಾತ್ರೆ, ಮದುವೆ ರಿಸೆಪ್ಷನ್ನು, ಸೀಸನ್ ಬಂತು ಅಂದ್ರೆ ವಾರಗಟ್ಲೆ ಸರಿಯಾಗಿ ನಿದ್ದೆ ಇಲ್ಲ, ಆಷಾಢ ಬಂದ್ರೆ ಕೆಲಸವೇ ಇಲ್ಲ. ಅದಕ್ಕೇ ಮನೇಲಿ ಹಸು ಕಟ್ಟಿದೀವಿ, ಮಳೆ ನಂಬ್ಕೊಂಡು ರಾಗಿ ಹಾಕ್ತೀವಿ, ರಾತ್ರಿಯೆಲ್ಲ ಬಾರಿಸಿ ಬಂದು ಬೆಳಗ್ಗೆ ಡೈರಿಗೆ ಹಾಲು ಹಾಕಿ ಆಮೇಲೆ ಮಲಗೋದು ಎಷ್ಟೋ ಸಲ. ಅಂದ್ರೆ ಬೆರ್ರಿ ಜೀವನದ ಎರಡು ಕಡೆ, ಡ್ರಮ್ಸು ಮತ್ತೆ ಹುಲ್ಲು, ಎರಡೂ ನಾನು ಕೈಯಾರೆ ಮಾಡಿರೋ ಕೆಲಸ. ಅವನನ್ನ ಇಷ್ಟು ಹಚ್ಕೊಂಡಿರೋದಕ್ಕೆ ಅದೂ ಒಂದು ಕಾರಣ ಇರಬಹುದು.

ಅವನ ಡ್ರಮ್ಸ್ ನಾನು ಮೊದಲು ಕೇಳಿದ್ದು ಕೆಜಿಎಫ್‌ನಲ್ಲಿ. ನಮ್ ಜಿಲ್ಲೇಲಿ ಇಂಗ್ಲಿಷ್ ಹಾಡು, ಗಿಟಾರು, ಡ್ರಮ್ಸು ಅಂದ್ರೆ ಮೊದಲಿಂದಲೂ ಅದೇ ಊರು, ಗಣಿ ನಡೆಯೋ ಕಾಲದಲ್ಲಿ ಆಂಗ್ಲೋ ಇಂಡಿಯನ್ ಮನೆಗಳು, ಕ್ಲಬ್ಬು, ಡ್ಯಾನ್ಸು ಎಲ್ಲ ಇದ್ದ ಜಾಗ ಅದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಎಷ್ಟೋ ಜನ ಊರು ಬಿಟ್ರು. ಹಂಗೆ ಖಾಲಿ ಮಾಡಿ ಹೋದ ಪಕ್ಕದ ಮನೆಯವರು ನನ್ನ ಗೆಳೆಯನ ಅಪ್ಪನಿಗೆ ಒಂದು ಡಬ್ಬ ಕ್ಯಾಸೆಟ್ ಕೊಟ್ಟು ಹೋಗಿದ್ರು, ಅದರಲ್ಲಿ ಆಟೊಮ್ಯಾಟಿಕ್ ಫಾರ್ ದಿ ಪೀಪಲ್ ಅನ್ನೋ ಆರ್.ಇ.ಎಂ. ಆಲ್ಬಮ್ ಇತ್ತು. ಮಾರಿಕುಪ್ಪಂ ಟ್ರೈನಲ್ಲಿ ಬಂಗಾರಪೇಟೆಗೆ ವಾಪಸ್ ಬರ್ತಾ ಗೆಳೆಯನ ವಾಕ್‌ಮನ್‌ನಲ್ಲಿ ಕೇಳಿದ್ದು. ಆಗ ನನಗೆ ಡ್ರಮ್ಮರ್ ಅಂದ್ರೆ ಕೈ ಕಾಣದಷ್ಟು ಸ್ಪೀಡಾಗಿ ರೋಲ್ ಹಾಕೋನು. ಇಲ್ಲಿ ನೋಡಿದ್ರೆ ಒಬ್ಬ ಡ್ರಮ್ಮರ್ ಹಾಡಿನ ಅರ್ಧ ಭಾಗ ಸುಮ್ನೆ ಕೂತಿದಾನೆ, ಬಂದಾಗ ಒಂದು ಕಿಕ್ಕು (ಕಾಲಲ್ಲಿ ಪೆಡಲ್ ಒತ್ತಿ ಬಾರಿಸೋ ದೊಡ್ಡ ಡ್ರಮ್), ಒಂದು ಸ್ನೇರು (ಚುರುಕಾಗಿ ಕೇಳೋ ಸಣ್ಣ ಡ್ರಮ್), ಅಷ್ಟೇ, ಆದ್ರೂ ಅವನು ಬಂದ ತಕ್ಷಣ ಹಾಡು ನೆಲಕ್ಕೆ ಕಾಲೂರಿ ನಿಂತ್ಕೊಳ್ಳುತ್ತೆ. ಇದು ಹೆಂಗೆ ಅಂತ ಅವತ್ತಿಂದ ಹುಡುಕ್ತಾನೇ ಇದೀನಿ.

ಬೆರ್ರಿ ಹುಟ್ಟಿದ್ದು 1958ರ ಜುಲೈ 31ಕ್ಕೆ, ಅಮೆರಿಕದ ಮಿನೆಸೋಟಾ ರಾಜ್ಯದ ಡುಲುತ್ ಅನ್ನೋ ಊರಲ್ಲಿ, ಹೈಸ್ಕೂಲ್ ಹೊತ್ತಿಗೆ ಜಾರ್ಜಿಯಾ ರಾಜ್ಯದ ಮೇಕನ್‌ಗೆ ಬಂದ. ಅಲ್ಲಿ ಹೈಸ್ಕೂಲಲ್ಲಿ ಮೈಕ್ ಮಿಲ್ಸ್ ಅಂತ ಒಬ್ಬ ಹುಡುಗ, ಚೆನ್ನಾಗಿ ಓದೋ ಜಾತಿ, ಬೆರ್ರಿ ಅದಕ್ಕೆ ಉಲ್ಟಾ, ಇಬ್ಬರಿಗೂ ಒಬ್ಬರ ಮುಖ ಕಂಡ್ರೆ ಒಬ್ಬರಿಗೆ ಆಗ್ತಿರಲಿಲ್ಲ. ಒಂದಿನ ಯಾರೋ ಹುಡುಗರು ಸೇರ್ಕೊಂಡು ಬಾರಿಸೋಣ ಅಂತ ಕರೆದ್ರಂತೆ, ಬೆರ್ರಿ ಹೋಗಿ ಡ್ರಮ್ಸ್ ಎಲ್ಲ ಜೋಡಿಸಿ ಕೂತಿದಾನೆ, ಬೇಸ್ ಗಿಟಾರ್ ಹಿಡ್ಕೊಂಡು ಒಳಗೆ ಬಂದಿದ್ದು ಇದೇ ಮಿಲ್ಸು. ಎದ್ದು ಹೋಗಿಬಿಡೋಣ ಅನ್ನಿಸ್ತಂತೆ ಬೆರ್ರಿಗೆ, ಆದ್ರೆ ಸೆಟ್ ಆಗಲೇ ಜೋಡಿಸಾಗಿತ್ತು. ಗಿಟಾರಿನವನಾಗಿದ್ರೆ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಹೊರಟುಬಿಡ್ತಿದ್ದ, ಡ್ರಮ್ಮರ್‌ಗೆ ಅದು ಆಗಲ್ಲ, ಸ್ಟ್ಯಾಂಡು ಬಿಚ್ಚಬೇಕು, ನಟ್ಟು ಬಿಚ್ಚಬೇಕು, ಸಿಂಬಲ್ ಇಳಿಸಿ ಚೀಲಕ್ಕೆ ಹಾಕಬೇಕು, ಅಷ್ಟು ಹೊತ್ತಿಗೆ ಸಿಟ್ಟೇ ಇಳಿದಿರುತ್ತೆ. ಸುಮ್ನೆ ಕೂತು ಬಾರಿಸಿದ, ಅವತ್ತಿಂದ ಇಬ್ಬರೂ ಜಿಗರಿ ದೋಸ್ತ್. ಆರ್.ಇ.ಎಂ. ಹಾಡುಗಳಲ್ಲಿ ಬೇಸು, ಡ್ರಮ್ಸು ಅಷ್ಟು ಹೊಂದ್ಕೊಂಡು ಹೋಗುತ್ತಲ್ಲ, ಅದರ ಬೇರು ಈ ಮೇಕನ್ ಊರಲ್ಲಿದೆ.

ಸ್ಕೂಲ್ ಮುಗಿದ ಮೇಲೆ ಬೆರ್ರಿ ಮೇಕನ್‌ನಲ್ಲೇ ಪ್ಯಾರಗಾನ್ ಅನ್ನೋ ಬುಕಿಂಗ್ ಏಜೆನ್ಸೀಲಿ ಚಿಲ್ಲರೆ ಕೆಲಸಕ್ಕೆ ಸೇರಿದ, ಯಾರನ್ನೋ ಏರ್‌ಪೋರ್ಟಿಂದ ಕರ್ಕೊಂಡು ಬರೋದು, ಪೋಸ್ಟ್ ಹಾಕೋದು ಇಂಥವು. ಅಲ್ಲಿಗೆ ಇಯಾನ್ ಕೋಪ್ಲಂಡ್ ಅಂತ ಒಬ್ಬ ಬಂದ, ದಿ ಪೊಲೀಸ್ ಬ್ಯಾಂಡಿನ ಡ್ರಮ್ಮರ್ ಸ್ಟೂವರ್ಟ್ ಕೋಪ್ಲಂಡ್‌ನ ಅಣ್ಣ. ಅವನು ಲಂಡನ್ನಿಂದ ತಂದಿದ್ದ ಪಂಕ್ ರೆಕಾರ್ಡುಗಳನ್ನ ಬೆರ್ರಿಗೂ ಮಿಲ್ಸ್‌ಗೂ ಕೇಳಿಸಿದ. ಆಮೇಲೆ ಇದೇ ಇಯಾನ್ ಆರ್.ಇ.ಎಂ.ಗೆ ಪ್ರೋಗ್ರಾಂ ಬುಕ್ ಮಾಡಿಕೊಟ್ಟ, ಅವನ ಇನ್ನೊಬ್ಬ ಅಣ್ಣ ಮೈಲ್ಸ್ ಕೋಪ್ಲಂಡ್‌ನ ಐ.ಆರ್.ಎಸ್. ಅನ್ನೋ ರೆಕಾರ್ಡ್ ಕಂಪನಿ 1982ರಲ್ಲಿ ಬ್ಯಾಂಡಿಗೆ ಕಾಂಟ್ರ್ಯಾಕ್ಟ್ ಕೊಟ್ಟಿತು. ಅಂದ್ರೆ ಆ ಬ್ಯಾಂಡಿಗೆ ಹೊರಗಿನ ದಾರಿ ಸಿಕ್ಕಿದ್ದೇ ಡ್ರಮ್ಮರ್ ಮಾಡಿದ ಒಂದು ಚಿಲ್ಲರೆ ಕೆಲಸದ ಪರಿಚಯದಿಂದ. ಇದನ್ನ ಜನ ಮರೀತಾರೆ. ನಮ್ ತಂಡಗಳಲ್ಲೂ ನೋಡಿ, ಟೆಂಪೋ ಮಾತಾಡೋದು, ಸೌಂಡ್ ಸಿಸ್ಟಮ್‌ನೋರಿಗೆ ಫೋನ್ ಮಾಡೋದು, ಊಟದ ವ್ಯವಸ್ಥೆ ಏನು ಅಂತ ವಿಚಾರಿಸೋದು ಎಷ್ಟೋ ಕಡೆ ಹಿಂದೆ ಕೂರೋನೇ ಮಾಡೋದು, ಸ್ಟೇಜಲ್ಲಿ ಹೆಸರು ಹೇಳೋವಾಗ ಮಾತ್ರ ಅವನದು ಕೊನೇಗೆ.

1979ರಲ್ಲಿ ಬೆರ್ರಿ, ಮಿಲ್ಸ್ ಇಬ್ಬರೂ ಓದೋಕೆ ಅಂತ ಅದೇ ರಾಜ್ಯದ ಅಥೆನ್ಸ್ ಊರಿನ ಜಾರ್ಜಿಯಾ ಯೂನಿವರ್ಸಿಟಿಗೆ ಬಂದ್ರು. ಅಲ್ಲಿ ಹಾಡೋ ಮೈಕಲ್ ಸ್ಟೈಪ್, ರೆಕಾರ್ಡ್ ಅಂಗಡೀಲಿ ಕೆಲಸ ಮಾಡ್ತಿದ್ದ ಗಿಟಾರಿನ ಪೀಟರ್ ಬಕ್ ಸಿಕ್ಕಿದ್ರು. 1980ರ ಏಪ್ರಿಲ್ 5ಕ್ಕೆ ಒಂದು ಹಳೇ ಚರ್ಚಲ್ಲಿ, ಅಷ್ಟೊತ್ತಿಗೆ ಅದು ಚರ್ಚಾಗಿ ಉಳಿದಿರಲಿಲ್ಲ, ಬಾಡಿಗೆ ಮನೆ ಆಗಿತ್ತು, ಗೆಳತಿಯೊಬ್ಬಳ ಬರ್ತ್‌ಡೇ ಪಾರ್ಟಿಗೆ ಮೊದಲ ಸಲ ಬಾರಿಸಿದ್ರು. ಆಮೇಲೆ ವ್ಯಾನಲ್ಲಿ ಊರೂರು ಸುತ್ತಿದ್ದು. ಆಗ ದೊಡ್ಡ ರೇಡಿಯೋ ಸ್ಟೇಷನ್‌ಗಳು ಇಂಥ ಬ್ಯಾಂಡ್‌ಗಳನ್ನ ಹಾಕ್ತಿರಲಿಲ್ಲ, ಕಾಲೇಜು ಹುಡುಗರು ನಡೆಸೋ ಸಣ್ಣ ಸಣ್ಣ ಸ್ಟೇಷನ್‌ಗಳು ಹಾಕ್ತಿದ್ವು, ಅಲ್ಲಿಂದ ಬೆಳೆದಿದ್ದನ್ನೇ ಮುಂದೆ ಆಲ್ಟರ್ನೇಟಿವ್ ರಾಕ್ ಅಂತ ಕರೆದ್ರು. 1983ರಲ್ಲಿ ಬಂದ ಮರ್ಮರ್ ಅನ್ನೋ ಮೊದಲ ಆಲ್ಬಮ್ಮನ್ನ ರೋಲಿಂಗ್ ಸ್ಟೋನ್ ಪತ್ರಿಕೆ ಆ ವರ್ಷದ ಅತ್ಯುತ್ತಮ ಆಲ್ಬಮ್ ಅಂತ ಆರಿಸಿತು, ಮೈಕಲ್ ಜಾಕ್ಸನ್‌ನ ಥ್ರಿಲ್ಲರ್ ಲೋಕವನ್ನೇ ಆಳ್ತಿದ್ದ ವರ್ಷ ಅದು.

ಆ ಮರ್ಮರ್‌ನಲ್ಲಿ ಬೆರ್ರಿ ಕೈ ಎಲ್ಲೆಲ್ಲಿದೆ ಅಂತ ನೋಡಿದ್ರೆ ಖುಷಿ ಆಗುತ್ತೆ. ಪರ್ಫೆಕ್ಟ್ ಸರ್ಕಲ್ ಅನ್ನೋ ಹಾಡಿನ ಟ್ಯೂನ್ ಅವನದು, ಅದೂ ಪಿಯಾನೋ ಮೇಲೆ ಮಾಡಿದ್ದು, ರೆಕಾರ್ಡಿಂಗಲ್ಲಿ ಅವನೂ ಮಿಲ್ಸೂ ಎರಡು ಬೇರೆ ಬೇರೆ ಪಿಯಾನೋಲಿ ಒಂದೇ ಸ್ವರ ನುಡಿಸಿದಾರೆ. ವಿ ವಾಕ್ ಅನ್ನೋ ಹಾಡಲ್ಲಿ ದೂರದಲ್ಲಿ ಗುಡುಗೋ ಸದ್ದು ಬರುತ್ತೆ, ಅದು ಗುಡುಗಲ್ಲ, ಬೆರ್ರಿ ಪೂಲ್ (ಬಿಲಿಯರ್ಡ್ಸ್ ಥರದ ಆಟ) ಆಡ್ತಿದ್ದಾಗ ಚೆಂಡಿಗೆ ಚೆಂಡು ತಾಗಿದ ಸದ್ದನ್ನ ರೆಕಾರ್ಡ್ ಮಾಡಿ ಟೇಪ್ ನಿಧಾನ ಮಾಡಿದ್ದು. ಹಾಡಿಗೆ ಏನು ಬೇಕೋ ಅದನ್ನ ಕೊಡೋನು, ತಾನು ಡ್ರಮ್ಮರ್ ಅದಕ್ಕೆ ಡ್ರಮ್ಸೇ ಕೇಳಿಸಬೇಕು ಅನ್ನೋ ಹಠ ಅವನಿಗೆ ಇರಲಿಲ್ಲ. 1986ರ ಫಾಲ್ ಆನ್ ಮಿ ಹಾಡಲ್ಲಿ ಮೂರು ಗಂಟಲು ಹೆಣೆದುಕೊಂಡು ಹೋಗುತ್ತಲ್ಲ, ಅದರಲ್ಲಿ ಒಂದು ಬೆರ್ರಿದು. ಬಾರಿಸ್ತಾ ಹಾಡೋದು ಎಷ್ಟು ಕಷ್ಟ ಅಂತ ಬಾರಿಸೋರಿಗೇ ಗೊತ್ತು, ಉಸಿರು ಒಂದು ಕಡೆ ಎಳೆಯುತ್ತೆ, ಕಾಲು ಇನ್ನೊಂದು ಕಡೆ.

ಬಾರಿಸೋ ವಿಷಯಕ್ಕೆ ಬಂದ್ರೆ, ಅವನ ಹೈ ಹ್ಯಾಟು (ಪೆಡಲ್ ಒತ್ತಿ ಮುಚ್ಚಿ ತೆಗೆಯೋ ಜೋಡಿ ತಟ್ಟೆ), ಸ್ನೇರು ತುಂಬ ಒಣಗಿದ, ಟೈಟಾದ ಸದ್ದು, ಆರಂಭದ ಹಾಡುಗಳಲ್ಲಿ ಕುಣಿಸೋ ಬೀಟು, ದೊಡ್ಡ ಸಿಂಬಲ್ಲನ್ನ ಸುಮ್ಸುಮ್ನೆ ಬಡಿಯಲ್ಲ. ನಮ್ ಕಡೆ ಹಬ್ಬಗಳಲ್ಲಿ ರಸಮಂಜರಿಗೆ ಮುಂಚೆ ತಮಟೆ ಇರುತ್ತಲ್ಲ, ಮೆರವಣಿಗೆ ಹೊರಡೋಕೆ ಮೊದಲು ತಮಟೆಯೋರು ರಸ್ತೆ ಪಕ್ಕ ಒಂದಿಷ್ಟು ಹುಲ್ಲು, ಪೇಪರ್ರು ಹಾಕಿ ಬೆಂಕಿ ಮಾಡಿ ಚರ್ಮ ಕಾಯಿಸ್ತಾರೆ. ಒಂದು ಸಲ ತೋರಿಸೋದು, ಬೆರಳಲ್ಲಿ ತಟ್ಟಿ ಕಿವಿ ಹತ್ರ ಹಿಡಿಯೋದು, ಸಾಲದು ಅಂತ ಮತ್ತೆ ಬೆಂಕಿಗೆ ತಿರುಗಿಸೋದು, ಜಾಸ್ತಿ ಕಾದ್ರೆ ಚರ್ಮ ಹೋಗುತ್ತೆ, ಕಮ್ಮಿ ಕಾದ್ರೆ ಮಂಕು ಬಡಿಯುತ್ತೆ. ಆಮೇಲೆ ಒಂದು ಕೈಲಿ ಗಿಡ್ಡ ದಪ್ಪ ಕೋಲು, ಇನ್ನೊಂದರಲ್ಲಿ ತೆಳ್ಳನೆ ಉದ್ದ ಕಡ್ಡಿ, ಇಡೀ ಬೀದಿ ಅವರ ಹಿಂದೆ. ನಾಲ್ಕು ಜನ ತಮಟೆಯೋರು ಸೇರಿದಾಗ ಗಮನಿಸಿ, ಒಬ್ಬ ಮಾತ್ರ ಏನೂ ಕಸರತ್ತು ಮಾಡದೆ ಮೂಲ ಬಡಿತ ಹಿಡ್ಕೊಂಡಿರ್ತಾನೆ, ಉಳಿದವರು ಆಡ್ತಾರೆ, ಕುಣೀತಾರೆ, ಅವನು ಬಿಟ್ರೆ ಎಲ್ಲ ಬಿತ್ತು. ನನ್ನ ಕಿವಿಗೆ ಬೆರ್ರಿ ಅಂಥ ಕೆಲಸದವನು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗೇ ಅಂತ ಪದ್ಮಶ್ರೀ ಬಂದಾಗ ನಮ್ ತಂಡದವರೆಲ್ಲ ಎಷ್ಟು ಸಂತೋಷಪಟ್ವಿ ಅಂದ್ರೆ, ಹಿಂದೆ ನಿಂತು ಬಾರಿಸೋ ಒಬ್ಬರನ್ನ ಕೊನೆಗೂ ಮುಂದೆ ಕರೆದ್ರಲ್ಲ ಅಂತ.

ದುಡ್ಡಿನ ವಿಷಯ ಹೇಳಲೇಬೇಕು. ಆರ್.ಇ.ಎಂ. ಹಾಡುಗಳ ಕ್ರೆಡಿಟ್ ತೆಗೆದು ನೋಡಿ, ಯಾರು ಟ್ಯೂನ್ ಮಾಡಿರಲಿ, ಯಾರು ಬರೆದಿರಲಿ, ಬೆರ್ರಿ, ಬಕ್, ಮಿಲ್ಸ್, ಸ್ಟೈಪ್ ಅಂತ ನಾಲ್ಕೂ ಹೆಸರು ಅಕ್ಷರದ ಕ್ರಮದಲ್ಲಿ, ನಾಲ್ವರಿಗೂ ಸಮ ಪಾಲು. ಡ್ರಮ್ಮರ್ ಹೆಸರು ಮೊದಲು! ಯಾವುದೇ ತೀರ್ಮಾನ ಆದ್ರೂ ನಾಲ್ವರೂ ಒಪ್ಪಬೇಕು, ಒಬ್ಬ ಬೇಡ ಅಂದ್ರೆ ಬೇಡ. ನಮ್ಮಲ್ಲಿ ಹಾಡೋರಿಗೆ ಒಂದು ರೇಟು, ಕೀಬೋರ್ಡಿಗೆ ಒಂದು, ಡ್ರಮ್ಸ್‌ಗೆ ಅದಕ್ಕಿಂತ ಕಮ್ಮಿ, ಸಾಮಾನು ಮಾತ್ರ ಎಲ್ಲರಿಗಿಂತ ಜಾಸ್ತಿ ಹೊರೋನು ಡ್ರಮ್ಮರ್ರೇ. ಮಳೆ ಬಂದ ರಾತ್ರಿ ಶಾಮಿಯಾನ ಕೆಳಗೆ ಕೆಸರಲ್ಲಿ ಹಲಗೆ ಹಾಕಿ ಸೆಟ್ ಇಟ್ರೆ, ಪೆಡಲ್ ಒತ್ತಿದಾಗಲೆಲ್ಲ ಕಿಕ್ ಡ್ರಮ್ ಇಷ್ಟಿಷ್ಟೇ ಮುಂದಕ್ಕೆ ಜಾರುತ್ತೆ, ಎದುರಿಗೆ ಸೈಜುಗಲ್ಲು ಇಟ್ಟು, ಒಳಗೆ ಹಳೇ ಟವಲ್ ತುರುಕಿ, ಒಂದು ಕಾಲಲ್ಲಿ ಹೈ ಹ್ಯಾಟ್ ಸ್ಟ್ಯಾಂಡ್ ಒತ್ತಿ ಹಿಡ್ಕೊಂಡು ಮೂರು ತಾಸು ನಡೆಸಬೇಕು. ಅಷ್ಟು ಮಾಡಿದ ಮೇಲೂ ಹಾಡು ನಮ್ಮದು ಅಂತ ಹೇಳ್ಕೊಳ್ಳೋ ಹಕ್ಕು ಇಲ್ಲ. ಆ ನಾಲ್ಕು ಹುಡುಗರು ಇಪ್ಪತ್ತರ ಆಸುಪಾಸಿನ ವಯಸ್ಸಲ್ಲೇ ಸಮಪಾಲು ಅಂತ ಕೂತು ಮಾತಾಡಿಕೊಂಡ್ರಲ್ಲ, ಬ್ಯಾಂಡ್ 31 ವರ್ಷ ಕಿತ್ತಾಡದೆ ನಡೆದಿದ್ದಕ್ಕೆ ಅದೇ ದೊಡ್ಡ ಕಾರಣ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ.

ಆಮೇಲಿನ ವರ್ಷಗಳು ಬೇಗ ಹೇಳಿಬಿಡ್ತೀನಿ, ಎಲ್ರಿಗೂ ಗೊತ್ತಿರೋದೇ. 1988ಕ್ಕೆ ವಾರ್ನರ್ ಅನ್ನೋ ದೊಡ್ಡ ರೆಕಾರ್ಡ್ ಕಂಪನಿಗೆ ಹೋದ್ರು, 1991ರಲ್ಲಿ ಔಟ್ ಆಫ್ ಟೈಮ್ ಆಲ್ಬಮ್, ಅದರಲ್ಲಿ ಲೂಸಿಂಗ್ ಮೈ ರಿಲಿಜನ್ ಹಾಡು, ಜಗತ್ತಿಗೆಲ್ಲ ಗೊತ್ತಾದ್ರು. 1992ರಲ್ಲಿ ಆಟೊಮ್ಯಾಟಿಕ್ ಫಾರ್ ದಿ ಪೀಪಲ್.

ಈ ಕೊನೇದರಲ್ಲಿರೋ ಎವ್ರಿಬಡಿ ಹರ್ಟ್ಸ್ ಹಾಡಿನ ಹತ್ರ ಮಾತ್ರ ಸ್ವಲ್ಪ ನಿಲ್ಲಬೇಕು. ಇಂಗ್ಲಿಷ್ ಹಾಡೇ ಕೇಳದವರೂ ಇದನ್ನ ಎಲ್ಲೋ ಕೇಳಿರ್ತಾರೆ, ಸಂಕಟದಲ್ಲಿ ಇರೋ ಮನುಷ್ಯನ ಹೆಗಲ ಮೇಲೆ ಕೈ ಇಟ್ಟು ತಡ್ಕೋ ಅಂತ ಹೇಳೋ ಹಾಡು. ಇದರ ಬಹುಪಾಲು ಬೆರ್ರಿ ತಂದಿದ್ದು. ಯಾರು ಏನು ನುಡಿಸಬೇಕು ಅಂತ ಬಹಳ ದಿನ ತಲೆ ಕೆಡಿಸಿಕೊಂಡು ಕೊನೆಗೆ ಮೂಲ ಟ್ರ್ಯಾಕ್ ರೆಕಾರ್ಡ್ ಮಾಡಿದಾಗ ಅದರಲ್ಲಿ ಇದ್ದಿದ್ದು ಬಕ್, ಮಿಲ್ಸ್ ಮತ್ತೆ ಒಂದು ಡ್ರಮ್ ಮಷಿನ್! ಹಾಡು ತಂದ ಡ್ರಮ್ಮರ್ರೇ ಅದರಲ್ಲಿ ಬಾರಿಸಲಿಲ್ಲ, ಉಳಿದಿದ್ದೆಲ್ಲ ಆಮೇಲೆ ಮೇಲೆ ಸೇರಿಸಿದ್ದು, ವಯಲಿನ್‌ಗಳನ್ನ ಜೋಡಿಸಿಕೊಟ್ಟಿದ್ದು ಲೆಡ್ ಜೆಪ್ಪೆಲಿನ್ ಬ್ಯಾಂಡಿನ ಜಾನ್ ಪಾಲ್ ಜೋನ್ಸ್. ಕಣ್ಣು ಮುಚ್ಚಿ ಕೇಳಿ, ಆ ಮಷಿನ್ ಟಕ್ ಟಕ್ ಅಂತ ಒಂದೇ ಸಮ ಹೋಗ್ತಿರುತ್ತೆ, ಏರಿಲ್ಲ ಇಳಿತ ಇಲ್ಲ, ಅದರ ಮೇಲೆ ಆ ದನಿ. ಯಾವ ಮನುಷ್ಯ ಅಲ್ಲಿ ಕೂತಿದ್ರೂ ಭಾವ ತುಂಬಿ ಒಂದು ರೋಲ್ ಹಾಕಿಬಿಡ್ತಿದ್ದ, ಹಾಡು ಅಳೋಕೆ ಶುರು ಮಾಡ್ತಿತ್ತು. ತನ್ನ ಹಾಡಲ್ಲೇ ತಾನು ಕೈ ಕಟ್ಟಿ ಕೂತ್ಕೊಳ್ಳೋಕೆ ಎಂಥ ನಂಬಿಕೆ ಬೇಕು ಹೇಳಿ. ಮ್ಯಾನ್ ಆನ್ ದಿ ಮೂನ್ ಹಾಡು ಕೂಡ ಅವನು ಗಿಟಾರಲ್ಲಿ ಹಿಡಿದ ಒಂದೆರಡು ಕಾರ್ಡಿಂದ (ಒಟ್ಟಿಗೆ ನುಡಿಯೋ ಸ್ವರಗಳಿಂದ) ಹುಟ್ಟಿದ್ದು. ಹಾಡು ಉದ್ದ ಆಗ್ತಿದ್ರೆ ಇಷ್ಟು ಸಾಕು, ಕತ್ತರಿಸಿ ಅಂತ ಹೇಳ್ತಿದ್ದವನೂ ಅವನೇ ಅಂತ ಬ್ಯಾಂಡಿನವರು ಹೇಳ್ಕೊಂಡಿದಾರೆ.

1995ರಲ್ಲಿ ಐದು ವರ್ಷಕ್ಕೂ ಮೇಲೆ ಗ್ಯಾಪ್ ಆಗಿ ದೊಡ್ಡ ಟೂರ್ ಹೊರಟ್ರು. ಮಾರ್ಚ್ 1, ಸ್ವಿಟ್ಜರ್ಲೆಂಡಿನ ಲೊಜಾನ್. ಪ್ರೋಗ್ರಾಂ ನಡುವೆ ಬೆರ್ರಿಗೆ ತಡೆಯೋಕಾಗದ ತಲೆನೋವು, ಬಾರಿಸೋಕೆ ಆಗದೆ ಸ್ಟೇಜಿಂದ ಕರ್ಕೊಂಡು ಹೋಗಬೇಕಾಯ್ತು, ಮೊದಲು ಬಾರಿಸಿದ್ದ ಬ್ಯಾಂಡಿನ ಡ್ರಮ್ಮರ್ ಬಂದು ಕೂತು ಉಳಿದ ಹಾಡು ಮುಗಿಸಿಕೊಟ್ಟ. ಮೊದಲು ಮೈಗ್ರೇನ್ ಅಂದ್ಕೊಂಡ್ರು. ಸ್ಕ್ಯಾನ್ ಮಾಡಿ ನೋಡಿದ್ರೆ ಮೆದುಳಿನ ರಕ್ತನಾಳ ಉಬ್ಬಿ ಒಡೆದಿತ್ತು. ಆಗ ಅವನಿಗೆ 36 ವರ್ಷ. ಅಲ್ಲೇ ಆಪರೇಷನ್ ಆಯ್ತು, ಬದುಕಿದ. (ಇದು ಓದ್ತಿರೋರಿಗೆ ಒಂದು ಮಾತು, ಇದ್ದಕ್ಕಿದ್ದಂಗೆ ಹಿಂದೆಂದೂ ಬರದಂಥ ತಲೆನೋವು ಬಂತು ಅಂದ್ರೆ ಮಾತ್ರೆ ನುಂಗಿ ಮಲಗಬೇಡಿ, ಅಮೃತಾಂಜನ ಹಚ್ಕೊಂಡು ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಿ. ರಾತ್ರಿಯೆಲ್ಲ ಜೋರು ಸದ್ದಲ್ಲಿ ಕೆಲಸ ಮಾಡೋ ನಮ್ಮಂಥೋರು ಎಲ್ಲ ತಲೆನೋವೂ ನಿದ್ದೆಗೆಟ್ಟಿದ್ದು ಅಂತ ತಳ್ಳಿಹಾಕ್ತೀವಿ.) ಆಶ್ಚರ್ಯ ಏನಂದ್ರೆ ಅದೇ ವರ್ಷ ಮೇ ತಿಂಗಳಲ್ಲಿ ಅವನು ವಾಪಸ್ ಬಂದು ಅದೇ ಟೂರಲ್ಲಿ ಬಾರಿಸಿದ. ಅದೇ ಟೂರಲ್ಲಿ ಮಿಲ್ಸ್‌ಗೂ ಸ್ಟೈಪ್‌ಗೂ ಆಪರೇಷನ್ ಆಯ್ತು, ಅಂಥ ಕೆಟ್ಟ ಗಳಿಗೆ ಅದು, ಆದ್ರೂ ಸೌಂಡ್‌ಚೆಕ್ಕಲ್ಲಿ, ಸ್ಟೇಜಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದೇ ಮುಂದೆ 1996ರ ನ್ಯೂ ಅಡ್ವೆಂಚರ್ಸ್ ಇನ್ ಹೈ ಫೈ ಆಲ್ಬಮ್ಮಿನ ಬಹುಭಾಗ ಆಯ್ತು. ಬೆರ್ರಿ ಬಾರಿಸಿದ ಕೊನೇ ಆರ್.ಇ.ಎಂ. ಆಲ್ಬಮ್ ಅದು, ನನ್ನ ಪ್ರಕಾರ ಅವನ ಅತ್ಯುತ್ತಮ ಕೆಲಸವೂ ಅದೇ.

ಅದೇ 1996ರಲ್ಲಿ ವಾರ್ನರ್ ಜೊತೆ ಹೊಸ ಕಾಂಟ್ರ್ಯಾಕ್ಟ್ ಆಯ್ತು, 8 ಕೋಟಿ ಡಾಲರ್ ಅಂತ ಆಗ ಪತ್ರಿಕೆಗಳಲ್ಲಿ ಬಂತು, ಆಗಿನ ಲೆಕ್ಕದಲ್ಲೇ 250 ಕೋಟಿ ರೂಪಾಯಿ ಮೇಲೆ. ಮಾರನೇ ವರ್ಷ ಅಕ್ಟೋಬರ್ 30ಕ್ಕೆ ಬೆರ್ರಿ ಬಿಟ್ಟ ಅಂತ ಸುದ್ದಿ. ತಲೆಯ ಆಪರೇಷನ್ನಿಂದ ಬಿಟ್ಟ ಅಂತ ಸುಮಾರು ಜನ ಬರೀತಾರೆ, ಅಷ್ಟೇ ಆಗಿದ್ರೆ 1995ರಲ್ಲೇ ಬಿಡ್ತಿದ್ದ. ಊರೂರು ಸುತ್ತೋದು ಸಾಕಾಗಿದೆ, ಡ್ರಮ್ಸ್ ಮೇಲೆ ಮೊದಲಿನ ಉತ್ಸಾಹ ಇಲ್ಲ, ಬೇರೆ ಥರ ಬದುಕಬೇಕು ಅಂತ ಅವನು ನೇರವಾಗಿ ಹೇಳಿದ. ಇನ್ನೂ ಒಂದು ಷರತ್ತು ಹಾಕಿದ, ನಾನು ಹೋದ್ರೆ ನೀವು ಮೂರು ಜನ ಬ್ಯಾಂಡ್ ಮುಚ್ಚೋದಾದ್ರೆ ನಾನು ಹೋಗಲ್ಲ, ಇಲ್ಲೇ ಇರ್ತೀನಿ ಅಂತ. ಅವರು ಮುಂದುವರಿಸ್ತೀವಿ ಅಂತ ಒಪ್ಪಿದ ಮೇಲೇ ಎದ್ದಿದ್ದು. ನನಗೆ ಆ ಕೋಟಿಗಳಿಗಿಂತ ಈ ಷರತ್ತು ದೊಡ್ಡದು. ಮೂಲ ಬಡಿತ ಹಿಡಿದೋನು ನಡುವೆ ಕೈ ಬಿಟ್ರೆ ಮೆರವಣಿಗೆ ಏನಾಗುತ್ತೆ ಅಂತ ಅವನಿಗೆ ಗೊತ್ತಿತ್ತು, ಅದಕ್ಕೆ ಇನ್ನೊಬ್ಬರ ಕೈಗೆ ತಾಳ ಸಿಕ್ಕಿದೆಯಾ ಅಂತ ನೋಡ್ಕೊಂಡು ಇಳಿದ. ಸಂತನೂ ಅಲ್ಲ ಹುಚ್ಚನೂ ಅಲ್ಲ ಅಂತ ಮೊದಲೇ ಹೇಳಿದ್ನಲ್ಲ, ಕೊನೇವರೆಗೂ ಡ್ರಮ್ಮರ್ ಕೆಲಸವನ್ನೇ ಮಾಡಿದ ಮನುಷ್ಯ.

ಅಥೆನ್ಸ್ ಹತ್ರ ಅವನ ಜಮೀನು. ಅಲ್ಲಿ ಹುಲ್ಲು ಬೆಳೆದು ಮಾರೋಕೆ ಶುರು ಮಾಡಿದ. ಪಟ್ಟಣದವರು ಇದನ್ನ ಓದಿ ರಿಟೈರ್ಡ್ ಲೈಫು, ನೆಮ್ಮದಿ ಅಂದ್ಕೋತಾರೆ, ಕೋಲಾರದ ಕಡೆಯವರಿಗೆ ಹುಲ್ಲು ಅಂದ್ರೆ ಏನು ಅಂತ ಬೇರೆ ಹೇಳಬೇಕಾ? ವರ್ಷವಿಡೀ ಹರಿಯೋ ನದಿ ಇಲ್ಲದ ಜಿಲ್ಲೆ, ಬೋರು ಸಾವಿರ ಅಡಿ ದಾಟಿದ್ರೂ ನೀರು ಸಿಗೋ ಗ್ಯಾರಂಟಿ ಇಲ್ಲ, ಹಾಲೇ ಆಧಾರ, ಹಾಲಿಗೆ ಹುಲ್ಲೇ ಆಧಾರ. ರಾಗಿ ಕೊಯ್ದು, ಕಣ ಮಾಡಿ, ಕಣಕ್ಕೆ ಜಾಗ ಇಲ್ಲದೋರು ರಸ್ತೆ ಮೇಲೇ ಹರಡಿ ಬಸ್ಸು ಲಾರಿ ಚಕ್ರದಲ್ಲಿ ಬಡಿಸಿ, ಹುಲ್ಲು ಒಣಗಿಸಿ ಮೆದೆ ಹಾಕೋ ಹೊತ್ತಿಗೆ ಮೋಡ ಕಟ್ತು ಅಂದ್ರೆ ಮನೇಲಿ ಯಾರ ಬಾಯಲ್ಲೂ ಮಾತಿರಲ್ಲ. ಹಸಿ ಇದ್ದಾಗ ಮೆದೆ ಹಾಕಿದ್ರೆ ಒಳಗೆ ಬಿಸಿಯಾಗಿ ಬೂಸ್ಟು ಹಿಡಿಯುತ್ತೆ, ಹಸು ಮೂಸೂ ನೋಡಲ್ಲ. ಅಮೆರಿಕದಲ್ಲಿ ಟ್ರಾಕ್ಟರ್ರು, ಕಟ್ಟು ಕಟ್ಟೋ ಮಷಿನ್ನು ಎಲ್ಲ ಇರುತ್ತೆ ನಿಜ, ಆದ್ರೆ ಕೊಯ್ಯೋದು ಯಾವಾಗ, ಎಷ್ಟು ಬಿಸಿಲು ಕಾಣಿಸಬೇಕು, ಯಾವ ಗಂಟೇಲಿ ಕಟ್ಟಬೇಕು ಅನ್ನೋದು ಅಲ್ಲೂ ಇದೇ. ಇಡೀ ಕೆಲಸ ಟೈಮಿಂಗ್ ಮೇಲೆ ನಿಂತಿದೆ. ಅದು ಅವನಿಗೆ ಹಿಡಿಸಿದ್ರಲ್ಲಿ ನನಗೇನೂ ಆಶ್ಚರ್ಯ ಇಲ್ಲ.

ಉಳಿದ ಮೂವರು ನಡೆಸಿಕೊಂಡು ಹೋದ್ರು. 1998ರ ಅಪ್ ಅನ್ನೋ ಆಲ್ಬಮ್‌ನಲ್ಲಿ ಡ್ರಮ್ ಮಷಿನ್ ಜಾಸ್ತಿ, ಮೂರು ಕಾಲಿನ ನಾಯಿಯೂ ನಾಯಿಯೇ ಅಂತ ಸ್ಟೈಪ್ ಆಗ ಹೇಳಿದ್ದ. ಜೋಯಿ ವಾರಂಕರ್, ಬ್ಯಾರೆಟ್ ಮಾರ್ಟಿನ್, ಆಮೇಲೆ 2003ರಿಂದ ಬಿಲ್ ರೀಫ್ಲಿನ್, ಎಲ್ಲ ಒಳ್ಳೊಳ್ಳೆ ಡ್ರಮ್ಮರ್‌ಗಳೇ ಬಾರಿಸಿದ್ರು, ಆದ್ರೆ ಯಾರನ್ನೂ ಬೆರ್ರಿ ಜಾಗಕ್ಕೆ ಪೂರ್ತಿ ಮೆಂಬರ್ ಅಂತ ಸೇರಿಸಿಕೊಳ್ಳಲಿಲ್ಲ. ಅವನು ಹೋದ ಮೇಲೆ ಬ್ಯಾಂಡ್ ಮುಗೀತು ಅನ್ನೋರ ಜೊತೆ ನಾನಿಲ್ಲ, ಅಪ್‌ನಲ್ಲಿ ತುಂಬ ಚೆಂದದ ಹಾಡುಗಳಿವೆ. ಆದ್ರೆ ಕೆಲವು ಹಾಡು ಐದು ನಿಮಿಷ, ಆರು ನಿಮಿಷ ಎಳೀತಾ ಹೋಗುವಾಗ ಸಾಕು ಅನ್ನೋ ಬಾಯಿ ಅಲ್ಲಿ ಇಲ್ಲ ಅಂತ ಗೊತ್ತಾಗುತ್ತೆ. 2011ರ ಸೆಪ್ಟೆಂಬರ್ 21ಕ್ಕೆ ಅವರೂ ಇಷ್ಟಕ್ಕೆ ಸಾಕು ಅಂತ ಬ್ಯಾಂಡ್ ನಿಲ್ಲಿಸಿದ್ರು, ಜಗಳ ಇಲ್ಲ, ಕೋರ್ಟಿಲ್ಲ.

ಬೆರ್ರಿ ಡ್ರಮ್ಸನ್ನ ಪೂರ್ತಿ ಮುಟ್ಟಲೇ ಇಲ್ಲ ಅಂತಲ್ಲ. ನಡುನಡುವೆ ಬಂದು ಕೂತ, 2007ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅನ್ನೋ ಗೌರವದ ಪಟ್ಟಿಗೆ ಬ್ಯಾಂಡನ್ನ ಸೇರಿಸಿದಾಗ ನಾಲ್ವರೂ ಒಟ್ಟಿಗೆ ಬಾರಿಸಿದ್ರು. 2024ರ ಜೂನ್ 13ಕ್ಕೆ ನ್ಯೂಯಾರ್ಕಲ್ಲಿ ಸಾಂಗ್‌ರೈಟರ್ಸ್ ಹಾಲ್ ಆಫ್ ಫೇಮ್ ಗೌರವ ಕೊಟ್ಟಾಗ ಮತ್ತೆ ನಾಲ್ವರೂ ಸೇರಿ ಲೂಸಿಂಗ್ ಮೈ ರಿಲಿಜನ್ ನುಡಿಸಿದ್ರು. ಆ ವಿಡಿಯೋ ನಾನು ಹಾಲು ಹಾಕಿ ಬಂದು ಜಗಲಿ ಮೇಲೆ ಕೂತು ನೋಡಿದೆ, ನಮ್ಮಮ್ಮ "ಯಾರೋ ಅದು, ನಿಮ್ ತಂಡದೋರಾ" ಅಂದ್ರು, ಹೂಂ ಅಂತಂದೆ. ಆ ಗೌರವದ ಹೆಸರು ಗಮನಿಸಿ, ಹಾಡು ಕಟ್ಟಿದವರಿಗೆ ಅಂತ ಕೊಡೋದು, ಅದರಲ್ಲಿ ಡ್ರಮ್ಮರ್ ಹೆಸರೂ ಉಳಿದ ಮೂವರ ಸಮಕ್ಕೆ ಇದೆ.

ನಮ್ ತಂಡಕ್ಕೆ ಹೊಸದಾಗಿ ಒಬ್ಬ ಹುಡುಗ ಬಂದಿದಾನೆ, ಮಾಲೂರು ಕಡೆಯವನು, ಕೈ ಬಹಳ ಚುರುಕು. "ಅಣ್ಣ, ಎಲ್ಲಿಂದ ಶುರು ಮಾಡ್ಲಿ ಕೇಳೋಕೆ" ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಹಾಕ್ತೀನಿ. ಮೊದಲು ರೇಡಿಯೋ ಫ್ರೀ ಯೂರೋಪ್ ಅನ್ನೋ ಹಾಡು ಕೇಳು, ಹೈ ಹ್ಯಾಟ್ ಮಾತ್ರ ಹಿಡ್ಕೊಂಡು ಹೋಗು, ಬೇರೇನೂ ಕೇಳಬೇಡ. ಆಮೇಲೆ ಫಾಲ್ ಆನ್ ಮಿ, ಅಲ್ಲಿ ಡ್ರಮ್ಸ್ ಬಿಟ್ಟು ಹಿಂದಿನ ದನಿ ಹುಡುಕು. ಆಮೇಲೆ ಮ್ಯಾನ್ ಆನ್ ದಿ ಮೂನ್, ಅವನು ಎಲ್ಲಿ ಬರ್ತಾನೆ, ಪಲ್ಲವಿಗೆ ಎಷ್ಟು ಸೇರಿಸ್ತಾನೆ, ಆಮೇಲೆ ಎಷ್ಟು ತೆಗೀತಾನೆ ನೋಡು. ಆಮೇಲೆ ನ್ಯೂ ಅಡ್ವೆಂಚರ್ಸ್ ಇನ್ ಹೈ ಫೈ ಪೂರ್ತಿ, ತಲೆ ಆಪರೇಷನ್ ಆದ ಮನುಷ್ಯ ಬಾರಿಸ್ತಿರೋದು ಅಂತ ನೆನಪಿಟ್ಟುಕೊಂಡು. ಇನ್ನೂ ಬೇಕು ಅಂದ್ರೆ ಅವನು ಅಥೆನ್ಸಲ್ಲೇ ದಿ ಬ್ಯಾಡ್ ಎಂಡ್ಸ್ ಅನ್ನೋ ಬ್ಯಾಂಡಿನ ಜೊತೆ ಸೇರಿ 2023ರ ಜನವರೀಲಿ ಒಂದು ಆಲ್ಬಮ್ ತಂದಿದಾನೆ, ಅದನ್ನೂ ಹುಡುಕಿ ಕೇಳಿ.